ಕಾದ ಡಾಂಬರಿನ ಮೇಲೆ

ವೇದಿಕೆಯ ಹಲಗೆ ಹೊತ್ತ ಲಾರಿ ದಾರಿಯಲ್ಲೇ ಕೆಟ್ಟು ನಿಂತಿದೆ ಎಂಬ ಸುದ್ದಿ ಬಂದಾಗ ನೆಲಿಡಾ ಕೆಂಡದ ಮೇಲೆ ದನದ ಗುಂಡಿಗೆಯ ತುಂಡುಗಳನ್ನು ಪೋಣಿಸಿದ ಕಡ್ಡಿಗಳನ್ನು ಮಗುಚುತ್ತಿದ್ದಳು. ಇಟಲಿಗೆ ವಲಸೆ ಬಂದ ಪೆರುವಿನವರು ಆಚರಿಸುವ ತಮ್ಮ ನಾಡಿನ ಸ್ವಾತಂತ್ರ್ಯದ ಹಬ್ಬ. ಜುಲೈ ಬಿಸಿಲಿಗೆ ಟ್ಯೂರಿನ್ನಿನ ಆ ಕಾರು ನಿಲ್ದಾಣದ ಡಾಂಬರು ಕಾದ ಹೆಂಚಾಗಿತ್ತು. ಕಹಳೆಯವರು ಊದಿದ್ದನ್ನೇ ಊದಿ ಸುಸ್ತಾಗಿದ್ದರು. ಜನ ಕಾದಿದ್ದುದು ಮರಿನೇರಾಕ್ಕೆ: ಗಂಡು ಬೂಟು ಮೆಟ್ಟಿ, ಹೆಣ್ಣು ಬರಿಗಾಲಲ್ಲಿ, ಕರವಸ್ತ್ರ ಬೀಸುತ್ತ ಒಬ್ಬರನ್ನೊಬ್ಬರು ಕೆಣಕಿ ಸುತ್ತುವ ಕುಣಿತ.

"ಹಲಗೆ ಇಲ್ದೆ ನಾನು ಕಾಲಿಡಲ್ಲಪ್ಪ," ಎಂದಳು ಕುಣಿಯಬೇಕಿದ್ದ ಮಿಲೆನಾ. ಒಂದು ಹೆಜ್ಜೆ ಇಟ್ಟು ನೋಡಿ, ಕಿರುಚಿ ಹಿಂದೆ ಜಿಗಿದಿದ್ದಳು. "ಬೊಬ್ಬೆ ಎದ್ರೆ ನಾಳೆ ಅಂಗಡೀಲಿ ನಿಲ್ಲೋರು ಯಾರು?"

ಅವಳ ಮಾತಲ್ಲಿ ತಪ್ಪೇನೂ ಇರಲಿಲ್ಲ. ಹಬ್ಬದ ಉಸ್ತುವಾರಿ ಹೊತ್ತ ಅಪರಿಸಿಯೊ ತಲೆಯ ಮೇಲೆ ಕೈ ಇಟ್ಟುಕೊಂಡ. ಹಿಂದಿನ ಸಾಲಿನವರು ಕುರ್ಚಿ ಮಡಚತೊಡಗಿದರು.

ನೆಲಿಡಾಳ ಊರಲ್ಲಿ ಹುಡುಗಿಯರು ಉರಿಬಿಸಿಲಿನ ರಸ್ತೆಯ ಮೇಲೆಯೇ ಈ ಕುಣಿತ ಕಲಿಯುತ್ತಿದ್ದರು. ಆದರೆ ಇಟಲಿಗೆ ಬಂದ ಮೇಲೆ ಹಬ್ಬದಲ್ಲಿ ಅವಳ ಪಾಲಿಗೆ ಉಳಿದದ್ದು ಒಲೆ. ಈ ಸಲ ನಾನೂ ಕುಣಿಯುತ್ತೇನೆ ಎಂದು ಬಾಯಿಬಿಟ್ಟು ಕೇಳಿದಾಗ ಅಪರಿಸಿಯೊ, "ನಿನ್ನ ಕೈರುಚಿ ಇಲ್ದೆ ಹಬ್ಬ ಎಲ್ಲಿ ಅಕ್ಕಾ," ಎಂದು ನಯವಾಗಿ ಜಾರಿಕೊಂಡಿದ್ದ.

ಪಕ್ಕದಲ್ಲಿ, ಕೊಡೆಯ ನೆರಳಿನ ಗಾಲಿಕುರ್ಚಿಯಲ್ಲಿ, ನೆಲಿಡಾ ಸಂಬಳಕ್ಕೆ ನೋಡಿಕೊಳ್ಳುತ್ತಿದ್ದ ಇಟಲಿಯ ಮುದುಕಿ ಎರ್ಸಿಲಿಯಾ ಕೂತಿದ್ದಳು. ಮನೆಯಲ್ಲಿ ಒಬ್ಬಳನ್ನೇ ಬಿಡುವಂತಿರಲಿಲ್ಲ. "ಗುಂಡಿಗೇನೂ ಬಿಡಲ್ವಲ್ಲೇ ನೀವು," ಎಂದು ಗೊಣಗುತ್ತಲೇ ಮತ್ತೊಂದು ಕಡ್ಡಿಗೆ ಕೈ ಚಾಚಿದಳು. "ಯಾಕೆ ಎಲ್ಲ ಎದ್ದು ಹೊರಟ್ರು?"

"ಕುಣಿಯೋರಿಲ್ಲ ಸಿನ್ಯೋರಾ."

"ದಿನಾ ಅಡುಗೆಮನೇಲಿ ಧಪಧಪ ಅಂತ ನನ್ನ ನಿದ್ದೆ ಕೆಡಿಸ್ತೀಯಲ್ಲ, ಅದೇನು ಜಿರಲೆ ಹೊಡೆಯೋದಾ?"

ನೆಲಿಡಾಳ ಮುಖ ಕೆಂಪೇರಿತು. ತಾನು ಅಲ್ಲಿ ಕುಣಿಯುವಾಗ ಮುದುಕಿ ಮಲಗಿರುತ್ತಾಳೆಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಏಪ್ರನ್ ಬಿಚ್ಚಿ, ಇಕ್ಕಳವನ್ನು ಅಪರಿಸಿಯೊನ ಕೈಗೆ ತುರುಕಿದಳು. "ಹಿಡ್ಕೊ. ಸೀಯಿಸಿದ್ರೆ ನೋಡು ಮತ್ತೆ. ಮಿಲೆನಾ, ಲಂಗ ಬಿಚ್ಚಿ ಕೊಡೇ ಮಗಳೇ."

ಒಳಗೆ ಮೊಣಕಾಲುದ್ದದ ಚಡ್ಡಿ ತೊಟ್ಟಿದ್ದ ಮಿಲೆನಾ ಆ ದೊಡ್ಡ ಘೇರಿನ ಲಂಗವನ್ನು ಕಳಚಿ ಕೊಟ್ಟಳು. ನೆಲಿಡಾಳ ಸೊಂಟಕ್ಕೆ ಕೊಂಡಿ ಸೇರಲಿಲ್ಲ. ಹುಡುಗಿಯೇ ಏಪ್ರನ್ನಿನ ದಾರ ಕಿತ್ತು ಬಿಗಿದಳು.

"ರೆಂಜೋ, ಅಮ್ಮನ ಕೈ ಹಿಡ್ಕೊಂಡು ಬಾರೋ!" ಯಾರೋ ಕೂಗಿದರು. ಗುಂಪು ಗೊಳ್ಳೆಂದಿತು. ಮಿಲೆನಾಳ ಜೋಡಿಯಾಗಬೇಕಿದ್ದ ರೆಂಜೋ ಟೋಪಿ ತಿರುವುತ್ತ ಅಂಗಳಕ್ಕಿಳಿದ.

ಚಪ್ಪಲಿ ಕಳಚಿ ಇಟ್ಟ ಮೊದಲ ಹೆಜ್ಜೆಗೇ ಉರಿ ನೆತ್ತಿಗೇರಿತು. ನೆಲಿಡಾ ನಕ್ಕಳು. ನಗದೆ ಕುಣಿದರೆ ಅದು ಮರಿನೇರಾ ಅಲ್ಲ. ರೆಂಜೋ ಮೊದಮೊದಲು ಹಿರಿಯಳೆಂಬ ಮರ್ಯಾದೆಗೆ ಮೆಲ್ಲಗೆ ಹೆಜ್ಜೆ ಹಾಕಿದ. ಅವಳು ಅವನ ತೋಳಿನಡಿ ನುಸುಳಿ, ಕರವಸ್ತ್ರದಿಂದ ಮೂಗು ಸವರಿ, ಕೈಗೆ ಸಿಗದೆ ಜಾರಿದಳು. ಶಿಳ್ಳೆ ಬಿತ್ತು. ಹುಡುಗನಿಗೆ ರೋಷ ಬಂತು. ಬೂಟಿನ ಹಿಮ್ಮಡಿ ಪಟಪಟ ಸಿಡಿಯಿತು. ಅವನು ಹತ್ತಿರ ಬಂದಷ್ಟೂ ಅವಳು ಲಂಗವನ್ನು ರೆಕ್ಕೆಯಂತೆ ಎತ್ತಿ ಸುತ್ತಿದಳು. ಪಾದದ ಉರಿ ಯಾವುದು, ಡೋಲಿನ ಬಡಿತ ಯಾವುದು ಎಂದು ಅವಳಿಗೇ ತಿಳಿಯದಾಯಿತು. ರಸ್ತೆ ಸೇರಿದ್ದವರು ಓಡೋಡಿ ಬಂದರು. ಮಡಚಿದ ಕುರ್ಚಿಗಳ ಮೇಲೆ ಮಕ್ಕಳು ಹತ್ತಿ ನಿಂತರು. ಕೊನೆಯ ಕಹಳೆಗೆ ರೆಂಜೋ ಏದುಸಿರು ಬಿಡುತ್ತ ಮಂಡಿಯೂರಿ, ಟೋಪಿಯನ್ನು ಅವಳ ಕಾಲ ಬಳಿ ಇಟ್ಟ.

ಒಲೆಯಿಂದ ಹೊಗೆ ಏಳುತ್ತಿತ್ತು. ಅಪರಿಸಿಯೊ ಇಕ್ಕಳ ಎತ್ತಿ ಹಿಡಿದು ಕುಣಿಯುತ್ತಿದ್ದ. "ಅಕ್ಕಾ, ಇನ್ನೊಂದ್ಸಲ!" ಗುಂಪು ಕೂಗಿತು. ಅಮ್ಮ ಎಂದು ಹಂಗಿಸಿದ ದನಿಯೇ ಎಲ್ಲರಿಗಿಂತ ಜೋರಾಗಿತ್ತು. ನೆಲಿಡಾ ಇನ್ನೊಂದು ಸಲ ಕುಣಿದಳು.

ಕುಂಟುತ್ತ ಮರಳಿದಾಗ ಎರ್ಸಿಲಿಯಾ ಬಿಯರ್ ಬಾಟಲಿಗಳ ಮಂಜುಗಡ್ಡೆ ತೊಟ್ಟಿಯನ್ನೇ ಎಳೆಸಿ ತರಿಸಿದ್ದಳು.

"ಇಡು ಕಾಲು. ಉರೀತಿದ್ಯಾ?"

"ತುಂಬಾ ಉರೀತಿದೆ."

"ಚೆನ್ನಾಗಾಯ್ತು." ಮುದುಕಿ ತನ್ನ ಚಪ್ಪಲಿಯನ್ನೂ ಕಾಲಿನಿಂದ ಕೊಡವಿದಳು. "ಸರಿ, ನಂಗೂ ಜಾಗ ಬಿಡು."

ನೆಲಿಡಾ ಅವಳ ಕಾಲುಗಳನ್ನು ಒಂದೊಂದಾಗಿ ಎತ್ತಿ ನೀರಿಗಿಳಿಸಿದಳು. ಕಹಳೆಗಳು ಮತ್ತೊಂದು ಧಾಟಿ ಹಿಡಿದವು. ತೇಲುವ ಬಾಟಲಿಗಳ ನಡುವೆ, ಎರ್ಸಿಲಿಯಾಳ ಸುಕ್ಕುಗಟ್ಟಿದ ಹೆಬ್ಬೆರಳು ಮೆಲ್ಲಗೆ ತಾಳ ಹಾಕುತ್ತಿತ್ತು.