ಬೆರಳ ತುದಿಯ ಮೀನು

“ಗಂಟೆ ಕಟ್ಟಿದ್ದು ನಂಗೆ ಬೇಡ,” ಎಂದು ಸ್ಟ್ಯಾನಿ ಆ ಗಾಳದ ಕೋಲನ್ನು ಹರಿಹರನ ಕೈಯಿಂದ ತೆಗೆದುಕೊಂಡು ಗೋಡೆಗೆ ಒರಗಿಸಿಬಿಟ್ಟ. “ಮೀನು ಬಂತು ಅಂತ ಗಂಟೆ ಹೊಡ್ದು ಹೇಳ್ಬೇಕಾದ್ರೆ ನಾನು ಯಾಕೆ ಹೋಗುದು ಮಾರಾಯ್ರೆ?”

ಕೋಲಿನ ತುದಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಹಿತ್ತಾಳೆಯ ಗಂಟೆಯಿತ್ತು. ಮೀನು ಕಚ್ಚಿದ ಕೂಡಲೇ ಅದು ಸದ್ದು ಮಾಡುತ್ತದೆ. ಹಿಡಿದವನ ಕೈಗೆ ಏನೂ ತಿಳಿಯಬೇಕಾಗಿಲ್ಲ. ಅದನ್ನು ಕೊಡಿಸಲೆಂದೇ ಹರಿಹರ ಸೀಫ್ ಬಡಾವಣೆಯ ತನ್ನ ಆಫೀಸಿನಿಂದ ಒಂದು ಗಂಟೆ ಮೊದಲೇ ಹೊರಟು ಬಂದಿದ್ದ. ಸಹಾಯ ಮಾಡುತ್ತಿದ್ದೇನೆಂದು ತೋರಿಸಿಕೊಳ್ಳದೆ ಸಹಾಯ ಮಾಡುವ ಕಲೆ ಇಂಜಿನಿಯರುಗಳಿಗೆ ಬರುವುದಿಲ್ಲ. ಅವನಿಗೂ ಬರುತ್ತಿರಲಿಲ್ಲ.

ಸ್ಟ್ಯಾನಿ ಅಂಗಡಿಯ ಮುಹಮ್ಮದ್ ಶರೀಫನ ಹತ್ತಿರ ಹೆಣೆದ ದಾರ ಕೇಳಿದ. ಸಣ್ಣ ಎಳೆಗಳನ್ನು ಸೇರಿಸಿ ಹೆಣೆದ, ಹೊಲಿಗೆಯ ನೂಲಿನಷ್ಟು ತೆಳ್ಳಗಿನ ದಾರ. ಗಲ್ಫಿಗೆ ಬಂದು ವರ್ಷಗಟ್ಟಲೆ ಇದೇ ಅಂಗಡಿಯಲ್ಲಿ ದಪ್ಪ ನೈಲಾನ್ ಕೊಳ್ಳುತ್ತಿದ್ದವನು ಇವತ್ತು ಇದನ್ನು ಕೇಳಿದ್ದು ಶರೀಫನಿಗೆ ವಿಚಿತ್ರವೆನಿಸಿತು. ಅವನೂ ಕರಾವಳಿಯವನೇ, ಉಳ್ಳಾಲದ ಕಡೆಯವನು, ಗಾಳ ಹಿಡಿದೇ ಬೆಳೆದವನು.

“ಇದು ರೀಲಿಗೆ ಸುತ್ತುವ ದಾರ ಸ್ಟ್ಯಾನಿಯಣ್ಣ. ಬರಿಗೈಯಲ್ಲಿ ಹಿಡಿದ್ರೆ ಕೊಯ್ತದೆ,” ಎಂದ.

ನೈಲಾನ್ ರಬ್ಬರಿನ ಹಾಗೆ ಹಿಗ್ಗುತ್ತದೆ, ಕೆಳಗಿನ ಸುದ್ದಿ ಮೇಲೆ ಬರುವಷ್ಟರಲ್ಲಿ ಅರ್ಧವಾಗಿರುತ್ತದೆ, ಇದಾದರೆ ಮೀನು ಬರೀ ಮೂಸಿ ನೋಡಿದರೂ ಬೆರಳಿಗೆ ಬಂದು ಮುಟ್ಟುತ್ತದೆ ಎಂದು ಸ್ಟ್ಯಾನಿ ವಾದಿಸಿದ. ಶರೀಫ ಕೈಗವಸು ತೆಗೆದಿಟ್ಟ. ಸ್ಟ್ಯಾನಿ ಅದನ್ನು ಮುಟ್ಟಿಯೂ ನೋಡಲಿಲ್ಲ.

ಅವನ ಬೆರಳಿಗೆ ಯಾವ ಸುದ್ದಿಯೂ ಮುಟ್ಟದೆ ಏಳು ತಿಂಗಳಾಗಿತ್ತು. ಕರುಳಿನಲ್ಲಿ ಗಂಟು ಕಾಣಿಸಿಕೊಂಡು, ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ, ಆಮೇಲೆ ಹನ್ನೆರಡು ಸಲ ನರಕ್ಕೆ ಕೀಮೋ ಔಷಧಿ ಏರಿಸಿದ್ದರು. ರೋಗ ಹೋಯಿತು. ಹೋಗುವಾಗ ಹತ್ತೂ ಬೆರಳುಗಳ ತುದಿಯನ್ನು ಜೊತೆಗೆ ಕಟ್ಟಿಕೊಂಡು ಹೋಯಿತು. ಕೆಲವರಿಗೆ ವರ್ಷದೊಳಗೆ ಸ್ಪರ್ಶ ತಿರುಗಿ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಜೀವ ಉಳಿಸಿದವರ ಹತ್ತಿರ ಬೆರಳಿನ ದೂರು ಹೇಳುವುದು ಹೇಗೆ? ಸ್ಟ್ಯಾನಿ ಅಂಗಿಯ ಗುಂಡಿಗಳನ್ನು ಕನ್ನಡಿ ನೋಡಿಕೊಂಡು ಹಾಕಲು ಕಲಿತ.

ಇಪ್ಪತ್ತಾರು ವರ್ಷದಿಂದ ಅವನು ಬೋಟಿನ ಇಂಜಿನ್ ಬಿಚ್ಚಿ ಜೋಡಿಸುವ ಫಿಟ್ಟರ್. ಕಣ್ಣು ಹೋಗದ ಜಾಗಕ್ಕೆ ಬೆರಳು ತೂರಿಸಿ ಅಕ್ಕಿಕಾಳಿನಷ್ಟು ಸ್ಕ್ರೂ ಕೂರಿಸುತ್ತಿದ್ದವನು. ವರ್ಕ್‌ಶಾಪಿನ ಧಣಿ, ಎಲ್ಲರೂ ಅರ್ಬಾಬ್ ಎನ್ನುತ್ತಿದ್ದವನು, ಒಳ್ಳೆಯ ಮನುಷ್ಯನೇ. ಇಷ್ಟು ದಿನ ಸ್ಟೋರಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದ. ಈಗ, ಬರುವ ಭಾನುವಾರದಿಂದ ಇಂಜಿನ್ ಬಿಚ್ಚುವ ಬೆಂಚಿಗೆ ಬಾ ಎಂದಿದ್ದ. ಬೆಂಚಿನ ಕೆಲಸ ಆಗದಿದ್ದರೆ ವೀಸಾ ಕ್ಯಾನ್ಸಲ್, ನೆಟ್ಟಗೆ ಉದ್ಯಾವರ. ಊರಿನಲ್ಲಿ ಹೆಂಡತಿ ಫಿಲೊಮಿನಾ, ಬಂದುಬಿಡಿ, ಇದ್ದುದರಲ್ಲಿ ಇರುವ ಎಂದು ವಾರಕ್ಕೆರಡು ಸಲ ಫೋನಿನಲ್ಲಿ ಹೇಳುತ್ತಿದ್ದಳು. ಅವಳೆದುರು ಈ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುವುದನ್ನು ನೆನೆದರೇ ಸ್ಟ್ಯಾನಿಗೆ ಉಸಿರು ಕಟ್ಟುತ್ತಿತ್ತು. ಅದಕ್ಕೇ ತನಗೆ ತಾನೇ ಒಂದು ಪರೀಕ್ಷೆ ಇಟ್ಟುಕೊಂಡ. ಶುಕ್ರವಾರ ಸಮುದ್ರಕ್ಕೆ ಹೋಗುವುದು. ಬೆರಳಿಗೆ ಮೀನು ಗೊತ್ತಾದರೆ ಸ್ಕ್ರೂ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಏನೆಂದು ಅವನು ಹರಿಹರನಿಗೆ ಹೇಳಲಿಲ್ಲ, ಹರಿಹರ ಕೇಳಲೂ ಇಲ್ಲ.

ಬೋಟು ಹರಿಹರನದು. ಗುಫೂಲ್ ಬಡಾವಣೆಯ ಅವನ ಬಿಲ್ಡಿಂಗಿನಲ್ಲಿದ್ದ ಅಮೆರಿಕದವನೊಬ್ಬ ಊರಿಗೆ ಹೊರಡುವಾಗ ಅವನಿಗೆ ದಾಟಿಸಿ ಹೋದದ್ದು. ಬಾಸ್ ಬೋಟ್, ಅಂದರೆ ಸಿಹಿನೀರಿನ ಕೆರೆಯಲ್ಲಿ ಬಾಸ್ ಎಂಬ ಮೀನು ಹಿಡಿಯಲು ಮಾಡಿದ್ದು. ಅಂಚು ಮೊಣಕಾಲಿನೆತ್ತರ, ಮೈಯೆಲ್ಲ ಮದುವೆ ಸೀರೆಯ ಹಾಗೆ ಮಿನುಗುವ ಕೆಂಪು, ಒಳಗೆ ಕಾಲಿಡುವಲ್ಲೆಲ್ಲ ಬೂದು ಬಣ್ಣದ ಕಾರ್ಪೆಟ್. ನಾಲ್ಕು ವರ್ಷದ ಹಿಂದೆ, ಮೊದಲ ದಿನ, ಸ್ಟ್ಯಾನಿ ಅದಕ್ಕೊಂದು ಸುತ್ತು ಬಂದು, ಇದನ್ನು ನೀರಿಗೆ ಇಳಿಸುದಾ, ಶೋಕೇಸಿನಲ್ಲಿ ಇಡುದಾ ಎಂದು ಕೇಳಿದ್ದ. ಗಾಳಿಯಿಲ್ಲದ ದಿನ, ದಡದ ಕಟ್ಟಡಗಳ ಕಿಟಕಿ ಎಣಿಸುವಷ್ಟು ದೂರ ಮಾತ್ರ ಹೋಗಬೇಕೆಂದು ಕರಾರು ಹಾಕಿ ಅವನೇ ಹರಿಹರನಿಗೆ ಎಲ್ಲವನ್ನೂ ಕಲಿಸಿದ. ಹುಬ್ಬಳ್ಳಿಯ ಲಿಂಗಾಯತರ ಮನೆಯ ಹರಿಹರ ಮೀನು ತಿನ್ನುವುದು ಹಾಗಿರಲಿ, ಮುಟ್ಟಿದವನೂ ಅಲ್ಲ. ಟ್ರೇಲರ್ ಎಳೆಯುವುದು, ಹಿಂದಕ್ಕೆ ಹಾಕಿ ನೀರಿಗಿಳಿಸುವುದು, ಬೋಟು ನಡೆಸುವುದು ಅವನ ಪಾಲು. ಗಾಳ, ಅದನ್ನು ಮುಳುಗಿಸುವ ಸೀಸದ ತೂಕ, ಮೀನಿನ ಬಾಯಿಂದ ಗಾಳದ ಮುಳ್ಳು ಬಿಡಿಸುವುದು, ಇವೆಲ್ಲ ಸ್ಟ್ಯಾನಿಯ ಕೈಯದು. ಹೀಗೆ ಹಂಚಿಕೊಂಡು ಇಬ್ಬರೂ ಸುಖವಾಗಿದ್ದರು.

ಗುರುವಾರ ಸಂಜೆ ಬಿಲ್ಡಿಂಗಿನ ಪಕ್ಕದ ಖಾಲಿ ಜಾಗದಲ್ಲಿ ಟ್ರೇಲರಿನ ಚಕ್ರಗಳನ್ನು ಜಾಕಿಯಲ್ಲಿ ಎತ್ತಿದರು. ಸಿಹಿನೀರಿಗೆಂದು ಮಾಡಿದ ಟ್ರೇಲರ್. ಉಪ್ಪುನೀರಲ್ಲಿ ಒಂದು ಸಲ ಮುಳುಗಿದರೆ ಸಾಕು, ಬೇರಿಂಗಿನ ಗ್ರೀಸ್ ತೊಳೆದುಹೋಗಿ ತುಕ್ಕು ಹತ್ತುತ್ತದೆ. ಚಕ್ರವನ್ನು ಜೋರಾಗಿ ತಿರುಗಿಸಿ, ಅಚ್ಚಿನ ಮೇಲೆ ಅಂಗೈ ಮತ್ತು ಬೆರಳುಗಳನ್ನಿಟ್ಟು, ಒಳಗೆ ಎಲ್ಲಿ ಉಜ್ಜುತ್ತಿದೆಯೆಂದು ಹೇಳುವುದು ಸ್ಟ್ಯಾನಿಯ ರೂಢಿ. ಈ ಸಲವೂ ಕೈಯಿಟ್ಟ. ಬೇರೇನನ್ನೂ ಕೇಳಿಸಿಕೊಳ್ಳದವನ ಹಾಗೆ ಬಹಳ ಹೊತ್ತು ಇಟ್ಟುಕೊಂಡಿದ್ದ. ಆಮೇಲೆ, ಒಳ್ಳೇದುಂಟು, ಏನೂ ತೊಂದರೆಯಿಲ್ಲ ಎಂದ. ಎಡಗಡೆಯ ಚಕ್ರ ಮರಳು ಅರೆಯುವ ಸದ್ದು ಮಾಡುತ್ತಿದ್ದುದು ಮೂರು ಹೆಜ್ಜೆ ದೂರ ನಿಂತಿದ್ದ ಹರಿಹರನ ಕಿವಿಗೇ ಕೇಳುತ್ತಿತ್ತು. ಸ್ಟ್ಯಾನಿ ಹೋದ ಮೇಲೆ, ಕಳ್ಳತನ ಮಾಡುವವನ ಹಾಗೆ, ಹರಿಹರ ಒಬ್ಬನೇ ಕೂತು ಆ ಬೇರಿಂಗ್ ಬಿಚ್ಚಿ ಬದಲಾಯಿಸಿದ. ಹೆಂಡತಿ ರಂಜನಾ ಮೇಲಿಂದ ಎರಡು ಸಲ ಊಟಕ್ಕೆ ಕರೆದಳು.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಬೋಟು ನೀರಿಗಿಳಿಸುವ ಇಳಿಜಾರಿನಲ್ಲಿ ಇವರ ಗಾಡಿಯೊಂದೇ ಇತ್ತು. ಅಕ್ಟೋಬರ್, ಗಾಳಿಯಿಲ್ಲ, ನೀರು ಅಲ್ಲಾಡುತ್ತಿರಲಿಲ್ಲ. ಒಳಗಿನ ನೀರು ಬಸಿಯಲು ಬೋಟಿನ ತಳದಲ್ಲಿರುವ ತೂತಿಗೆ ತಿರುಪಿನ ಬಿರಡೆ ಹಾಕುವುದು ಯಾವಾಗಲೂ ಸ್ಟ್ಯಾನಿಯೇ. ಹಾಕಿ ಎದ್ದ. ಅವನು ಐಸ್ ಪೆಟ್ಟಿಗೆ ತರಲು ಹೋದಾಗ ಹರಿಹರ ಬಗ್ಗಿ ಬಿರಡೆಯನ್ನು ತಿರುಗಿಸಿ ನೋಡಿದ. ತಲೆ ಎತ್ತಿದರೆ ಸ್ಟ್ಯಾನಿ ಪೆಟ್ಟಿಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದ.

“ಎಷ್ಟು ತಿರುಗ್ತು?” ಎಂದು ಕೇಳಿದ.

“ಒಂಚೂರು ಅಷ್ಟ.”

ಮೂರು ಸುತ್ತು ತಿರುಗಿತ್ತು. ಸ್ಟ್ಯಾನಿ ಪೆಟ್ಟಿಗೆ ಒಳಗಿಟ್ಟು ಬೋಟು ಹತ್ತಿದ. ಹರಿಹರನಿಗೆ ನಾಚಿಕೆಯಾಯಿತು. ಬಿರಡೆ ನೋಡಿದ್ದಕ್ಕೋ ಸುಳ್ಳು ಹೇಳಿದ್ದಕ್ಕೋ, ಅವನಿಗೇ ತಿಳಿಯಲಿಲ್ಲ.

ಅರ್ಧ ಗಂಟೆಯಲ್ಲಿ ಅವರ ಮಾಮೂಲಿ ಜಾಗಕ್ಕೆ ಬಂದರು. ಕೆಳಗೆ ಬಂಡೆ, ಐದಾರು ಮಾರು ನೀರು. ಸ್ಟ್ಯಾನಿ ಎರೆಗೆಂದು ತಂದ ಬೊಂಡಾಸು ಮೀನಿನ ತುಂಡನ್ನು ಗಾಳಕ್ಕೆ ಸಿಕ್ಕಿಸಲು ಬಹಳ ಹೊತ್ತು ತೆಗೆದುಕೊಂಡ. ಒಂದು ಸಲ ತುಂಡು ಬಿತ್ತು, ಇನ್ನೊಂದು ಸಲ ಗಾಳವೇ ಬಿತ್ತು. ಹರಿಹರ ದೂರದ ಕಟ್ಟಡಗಳನ್ನು ನೋಡುತ್ತ ಕೂತ. ಕೊನೆಗೆ ಸೀಸ ಕೆಳಗೆ ಹೋಯಿತು. ಸ್ಟ್ಯಾನಿ ಮುಂದುಗಡೆ ಕೂತು ಹೆಣೆದ ದಾರವನ್ನು ಬಲಗೈಯ ತೋರುಬೆರಳಿಗೆ ಒಂದು ಸುತ್ತು ಹಾಕಿಕೊಂಡು ಕೈಯನ್ನು ಅಂಚಿನ ಮೇಲೆ ಇಟ್ಟ.

ಈ ಬೆರಳಿನ ವಿದ್ಯೆಯ ಬಗ್ಗೆ ಅವನು ಎಷ್ಟು ಕೊಚ್ಚಿಕೊಂಡಿದ್ದನೋ. ಸಾಫಿ ಮೀನು ಚಿವುಟುತ್ತದೆ, ಶೇರಿ ಎರಡು ಸಲ ತಟ್ಟಿ ಮೂರನೆಯದಕ್ಕೆ ಎಳೆಯುತ್ತದೆ, ಹಮೂರ್ ಮಾತಿಲ್ಲದೆ ಬಾಯಿಗೆ ಹಾಕಿಕೊಂಡು ಬಂಡೆಯ ಸಂದಿಗೆ ಹೊರಟುಬಿಡುತ್ತದೆ. ಎಳೆಯುವ ಮೊದಲೇ ಹೆಸರು ಹೇಳುತ್ತಿದ್ದ, ಹತ್ತಕ್ಕೆ ಒಂಬತ್ತು ಸರಿಯಿರುತ್ತಿತ್ತು. ಇವತ್ತು ಅವನ ಇಡೀ ಮೈ ಆ ಒಂದು ಬೆರಳಿನ ಬಾಗಿಲಲ್ಲಿ ನಿಂತು ಕಾಯುತ್ತಿತ್ತು.

ಮುಕ್ಕಾಲು ಗಂಟೆ ಹೋಯಿತು. ಹರಿಹರನ ಕೋಲಿಗೂ ಏನೂ ಬೀಳಲಿಲ್ಲ. ಬಿಸಿಲು ಏರಿತು. ಇವತ್ತು ಮೀನೇ ಇಲ್ಲ, ಅದರ ಮೇಲೆ ಪರೀಕ್ಷೆ ಮಾಡುವುದು ಹೇಗೆ ಎಂದು ಸ್ಟ್ಯಾನಿ ಅಂದ. ಆ ಧ್ವನಿಯಲ್ಲಿ ಸ್ವಲ್ಪ ಸಮಾಧಾನವಿತ್ತು. ಮೀನಿಲ್ಲದಿದ್ದರೆ ಸೋಲೂ ಇಲ್ಲವಲ್ಲ. ಇನ್ನೊಂದು ಶುಕ್ರವಾರ ಬಂದರಾಯಿತು ಎನ್ನಲು ಹರಿಹರ ಆ ಕಡೆ ತಿರುಗಿದ.

ಬೂದು ಕಾರ್ಪೆಟ್ಟಿನ ಮೇಲೆ ಕೆಂಪು ಹನಿಗಳು ಬಿದ್ದಿದ್ದವು. ಒಂದೆರಡಲ್ಲ. ಅಂಚಿನಿಂದ ಕೆಳಕ್ಕೆ ರಕ್ತ ಸಣ್ಣ ಗೆರೆಯಾಗಿ ಇಳಿಯುತ್ತಿತ್ತು. ದಾರ ನೇರ ಕೆಳಗೆ ಇರಲಿಲ್ಲ. ಓರೆಯಾಗಿ ಬೋಟಿನಡಿಗೆ ಹೋಗಿ ಬಿಗಿದು ನಿಂತಿತ್ತು, ಬಿಟ್ಟು ಬಿಟ್ಟು ಅದುರುತ್ತಿತ್ತು.

“ಸ್ಟ್ಯಾನಿಯಣ್ಣ,” ಎಂದ ಹರಿಹರ. “ಕೈ ನೋಡ್ಕೊಳ್ರಿ.”

ಸ್ಟ್ಯಾನಿ ನೋಡಿದ. ದಾರ ತೋರುಬೆರಳಿನ ಮಾಂಸದೊಳಗೆ ಇಳಿದು ಕಾಣದಂತಾಗಿತ್ತು. ಅವನು ಕೂಗಲಿಲ್ಲ, ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬಸ್ಸಿನಲ್ಲಿ ಪಕ್ಕದವನ ಕೈ ನೋಡುವ ಹಾಗೆ ತನ್ನ ಕೈ ನೋಡಿದ.

“ಎಷ್ಟು ಹೊತ್ತಾಯ್ತು?” ಎಂದು ಕೇಳಿದ.

ಹರಿಹರ ಟವೆಲಿನಿಂದ ದಾರ ಹಿಡಿದು ಸಡಿಲ ಮಾಡಿ ಬೆರಳನ್ನು ಬಿಡಿಸಿದ, ಇನ್ನೊಂದು ಟವೆಲನ್ನು ಬಿಗಿಯಾಗಿ ಸುತ್ತಿದ, ಕೈ ಮೇಲಕ್ಕೆ ಹಿಡಿಯಲು ಹೇಳಿದ. ಆಮೇಲೆ ದಾರವನ್ನು ಎಳೆದ. ಮೊಳದುದ್ದದ ಶೇರಿ ಮೇಲೆ ಬಂದು ಕಾರ್ಪೆಟ್ಟಿನ ಮೇಲೆ ಬಡಿದುಕೊಂಡಿತು. ಗಾಳದ ಮುಳ್ಳು ಗಂಟಲೊಳಗೆ ಇಳಿದಿತ್ತು, ಯಾವಾಗಲೋ ನುಂಗಿಯಾಗಿತ್ತು. ತಟ್ಟಿರಬೇಕು, ಎಳೆದಿರಬೇಕು, ಆ ಬೆರಳಿನ ಕೊನೆಯಲ್ಲಿ ಒದ್ದಾಡಿರಬೇಕು. ಸ್ಟ್ಯಾನಿ ಎಡಗೈಯಲ್ಲಿ ಇಕ್ಕಳ ತೆಗೆದುಕೊಳ್ಳಲು ಹೋದ. ಅದು ಜಾರಿ ನೀರಿಗೆ ಬಿತ್ತು. ಅದು ಬಿದ್ದ ಜಾಗವನ್ನು ಅವನು ಸ್ವಲ್ಪ ಹೊತ್ತು ನೋಡಿ, ತಿರುಗಿ, ದಡಕ್ಕೆ ಬೆನ್ನು ಹಾಕಿ, ಹರಿಹರನಿಗೂ ಬೆನ್ನು ಹಾಕಿ ಕೂತುಬಿಟ್ಟ.

“ಭಾನುವಾರ ನಾನು ಬೆಂಚಿಗೆ ಕೂರುದಿಲ್ಲ,” ಎಂದ. “ಕ್ಯಾನ್ಸಲ್ ಮಾಡಿ ಅಂತ ಅರ್ಬಾಬಿಗೆ ನಾನೇ ಹೇಳ್ತೇನೆ. ಅವರ ಬಾಯಲ್ಲಿ ಹೇಳಿಸುದು ಬೇಡ.”

ಮೀನು ಇನ್ನೂ ಬಡಿದುಕೊಳ್ಳುತ್ತಿತ್ತು. ಹರಿಹರ ಮಂಡಿಯೂರಿ, ಜನ್ಮದಲ್ಲಿ ಮೊದಲ ಸಲ, ಎರಡೂ ಕೈಯಲ್ಲಿ ಅದನ್ನು ಹಿಡಿದ. ಜಾರಿತು, ಮತ್ತೆ ಹಿಡಿದ. ಸ್ಟ್ಯಾನಿ ಮಾಡುವುದನ್ನು ನಾಲ್ಕು ವರ್ಷ ನೋಡಿದ್ದನಲ್ಲ, ಹಾಗೇ ಬೆರಳು ಬಾಯೊಳಗೆ ಹಾಕಿ ಹೇಗೋ ಮುಳ್ಳು ಕಿತ್ತ. ಒಳಗೆ ಏನೋ ಹರಿದ ಹಾಗಾಯಿತು.

“ಬಿಡ್ಬೇಡಿ,” ಎಂದ ಸ್ಟ್ಯಾನಿ, ತಿರುಗದೆ. “ಸ್ವಲ್ಪ ಹಿಡ್ಕೊಳ್ಳಿ. ಹೇಗುಂಟು ಹೇಳಿ.”

“ಏನು ಹೆಂಗೈತಿ?”

“ಕೈಯಲ್ಲಿ ಹೇಗುಂಟು?”

ಹರಿಹರ ಮಾತಿಗೆ ತಡಕಾಡಿದ. ತಣ್ಣಗೈತಿ ಎಂದ. ತಲೆಯಿಂದ ಬಾಲಕ್ಕೆ ಸವರಿದರೆ ನುಣ್ಣಗೆ, ಹಿಂದಕ್ಕೆ ಸವರಿದರೆ ತರಕಲು ಎಂದ. ಬೆನ್ನಿನ ಮೇಲಿನ ಮುಳ್ಳು ಅಂಗೈಗೆ ಚುಚ್ಚತೈತಿ ಎಂದ. ಕಿವಿರು ತೆರೆದು ಮುಚ್ಚಿದಾಗಲೆಲ್ಲ ಹೆಬ್ಬೆರಳಿನ ಅಡಿಯಲ್ಲಿ ಏನೋ ಮಿಸುಕುವುದನ್ನೂ, ಇಡೀ ಮೈ ಒಮ್ಮೆಲೇ ಗಟ್ಟಿಯಾಗಿ ಹೊಡೆದುಕೊಳ್ಳುವುದನ್ನೂ ಹೇಳಿದ. ಇಷ್ಟನ್ನು ಅವನು ತನ್ನ ಆಫೀಸಿನ ರಿಪೋರ್ಟಿನಲ್ಲೂ ಎಂದೂ ವಿವರಿಸಿರಲಿಲ್ಲ.

“ಹಾಂ,” ಎಂದ ಸ್ಟ್ಯಾನಿ. ಟವೆಲು ಸುತ್ತಿದ ಕೈ ಮೇಲಕ್ಕೇ ಇತ್ತು. ಅವನ ಭುಜಗಳು ಅಲುಗುತ್ತಿದ್ದವು. “ಮತ್ತೆ?”

ಹರಿಹರ ಮತ್ತೆ ಹೇಳಿದ. ಹೇಳಿದ್ದನ್ನೇ ಹೇಳಿದ. ಬಿಸಿಲಿಗೆ ಅವನ ಅಂಗೈಯ ಲೋಳೆ ಒಣಗಿ ಬಿಗಿಯತೊಡಗಿತು.

“ಈಗಲೂ ಹೊಡ್ಕೊಳ್ತಾ ಉಂಟಾ?” ಎಂದು ಸ್ಟ್ಯಾನಿ ಕೇಳಿದ.

ಮೀನು ಆಗಲೇ ಸುಮ್ಮನಾಗಿತ್ತು. ಅದರ ಬಾಯಿ ಅರ್ಧ ತೆರೆದಿತ್ತು, ಕಣ್ಣಿನ ಮೇಲೊಂದು ನೊಣ ಕೂತಿತ್ತು.

“ಹೂಂ,” ಎಂದ ಹರಿಹರ. “ಹೊಡ್ಕೊಳ್ಳಾಕತ್ತೈತಿ.” ಅವನು ಅದನ್ನು ಕೆಳಗಿಡಲಿಲ್ಲ.