ಛತ್ರಿಯವನು ಇಳಿದ

ಅರವತ್ತೈದರ ಯುದ್ಧ ಎಲ್ಲೋ ದೂರದ ಪಂಜಾಬಿನ ಗಡಿಯಲ್ಲಿ ನಡೆಯಿತೆಂದು ಓದಿದವರು ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಅದರ ಒಂದು ಚೂರು ಕೆಂಚಾರ್ಲಹಳ್ಳಿಯ ಆಚೆಗಿರುವ ನಮ್ಮೂರಿನಲ್ಲೂ ನಡೆಯಿತು. ಆ ಯುದ್ಧದಲ್ಲಿ ನಮಗೆ ಸೆರೆಸಿಕ್ಕ ಶತ್ರು ಒಬ್ಬನೇ. ಈ ಕಥೆ ಹೇಳಲು ಕೂತರೆ ನನಗೆ ಈಗಲೂ ಮೊದಲು ನಗು ಬರುತ್ತದೆ, ಸಿಟ್ಟು ಆಮೇಲೆ ಬರುತ್ತದೆ.

ನಮ್ಮೂರಿನ ಸೇನಾಪತಿ ವೆಂಕಟರವಣಪ್ಪನವರು. ತಲೆತಲಾಂತರದಿಂದ ಬಂದ ಪಟೇಲಿಕೆಯನ್ನು ಸರ್ಕಾರ ತೆಗೆದುಹಾಕಿ ಎರಡು ವರ್ಷವಾಗಿತ್ತು. ಜನ ಪಟೇಲರೇ ಎಂದು ಕರೆಯುವುದನ್ನು ಬಿಟ್ಟಿರಲಿಲ್ಲ, ಆದರೆ ಗದರಿಸಲು ಅವರಿಗೆ ಮನೆಯ ಎತ್ತುಗಳನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಊರೂರಿಗೂ ರಕ್ಷಣಾ ಸಮಿತಿ ಆಗಬೇಕೆಂದು ಮೇಲಿನಿಂದ ಹೇಳಿಕಳಿಸಿದರು. ಅಧ್ಯಕ್ಷರು ಯಾರೆಂದು ಊರು ಯೋಚಿಸುವ ಮುಂಚೆಯೇ ಪಟೇಲರು ಚಿಂತಾಮಣಿಗೆ ಹೋಗಿ ಒಂದು ಸೀಟಿ ಕೊಂಡು ತಂದಿದ್ದರು.

ಸಮಿತಿಗೆ ಕೆಲಸ ಕೊಟ್ಟವರು ಸ್ಕೂಲು ಮೇಷ್ಟ್ರು. ಶತ್ರು ಸೈನಿಕರು ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿದು, ವೇಷ ಮರೆಸಿಕೊಂಡು ಜನರ ನಡುವೆ ಸೇರಿಕೊಳ್ಳುತ್ತಾರೆಂದು ಪೇಪರಿನಲ್ಲಿ ಬಂದದ್ದನ್ನು ಅರಳೀಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದರು. ಪ್ಯಾರಾಚೂಟು ನಮ್ಮವರ ನಾಲಿಗೆಗೆ ಹೊರಳಲಿಲ್ಲ. ದೊಡ್ಡ ಛತ್ರಿ ಹಿಡಿದು ಆಕಾಶದಿಂದ ಇಳಿಯುತ್ತಾರೆ ಎಂದು ಮೇಷ್ಟ್ರು ಬಿಡಿಸಿ ಹೇಳಿದರು. ಅವತ್ತಿನಿಂದ ಶತ್ರುಗಳು ನಮ್ಮೂರಿನಲ್ಲಿ ಛತ್ರಿಯವರಾದರು. ಮೋಸಗಾರನನ್ನು ಛತ್ರಿ ಎಂದು ಬೈಯುವುದು ನಮ್ಮಲ್ಲಿ ಮೊದಲಿನಿಂದಲೂ ಇದ್ದದ್ದರಿಂದ ಹೆಸರು ಚೆನ್ನಾಗಿಯೇ ಹೊಂದಿತು.

ಆಕಾಶ ಕಾಯಲು ನಲ್ಲಪ್ಪನನ್ನು ನೇಮಿಸಿದರು. ಅವನು ಹುಲ್ಲಿನ ಮೆದೆಯ ಮೇಲೆ ಮಲಗಿ ದಿನವಿಡೀ ಮೇಲೆ ನೋಡುತ್ತಿದ್ದ. ಹದ್ದು, ಕಾಗೆ, ಮೋಡ ಬಿಟ್ಟರೆ ಏನೂ ಕಾಣದೆ ಅವನಿಗೆ ಕತ್ತು ಹಿಡಿದುಕೊಂಡಿತ್ತು, ಬೇಜಾರೂ ಹಿಡಿದಿತ್ತು.

ಒಂದು ಬೆಳಿಗ್ಗೆ ಗಂಗುಲಮ್ಮ ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳು, ಬಸ್ಸು ನಿಂತು ಹೊರಟಿದ್ದನ್ನು ಕಂಡು ಆಚೆ ದಡದಲ್ಲಿದ್ದ ವಾರಗಿತ್ತಿಗೆ ಕೂಗಿ ಹೇಳಿದಳು:

"ಛತ್ರಿಯೋನು ಇಳಿದವ್ನೆ ಕಣೇ! ಬಿರ್ನೆ ಹೋಗಿ ಮನೇಲಿ ಹೇಳೇ!"

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಛತ್ರಿ ರಿಪೇರಿ ಮಾಡುವ ಬಾಬಾಜಾನ್ ಬಸ್ಸಿನಿಂದ ಇಳಿದಿದ್ದ. ಪ್ರತಿ ವರ್ಷ ಉತ್ತರೆ ಮಳೆ ಹಿಡಿಯುವ ಮುಂಚೆ ಚಿಂತಾಮಣಿಯಿಂದ ಬರುತ್ತಿದ್ದ. ಅಟ್ಟದ ಮೇಲೆ ಬಿದ್ದಿರುವ ಮುರುಕಲು ಛತ್ರಿಯನ್ನು ಹುಡುಕಿ ಇಡಲಿ ಎಂಬುದಷ್ಟೇ ಗಂಗುಲಮ್ಮನ ಆತುರ. ಆದರೆ ಮಾತು ಕೆರೆ ದಾಟುವ ದಾರಿಯಲ್ಲಿ ಹುಲ್ಲಿನ ಮೆದೆ ಇತ್ತು.

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ನಾವು. ನಲ್ಲಪ್ಪ ಓಡಿಬಂದು ಛತ್ರಿಯವನು ಇಳಿದ ಎಂದ. ಪಟೇಲರು ಎಷ್ಟು ಜನ ಎಂದು ಕೇಳಲಿಲ್ಲ, ಎಲ್ಲಿ ಎಂದೂ ಕೇಳಲಿಲ್ಲ, ಸೀಟಿ ಊದಿದರು. ಛತ್ರಿಯವನನ್ನು ಹಿಡಿದಿದ್ದೇವೆಂದು ಪೊಲೀಸರಿಗೆ ಸುದ್ದಿ ಮುಟ್ಟಿಸಲು, ಹಿಡಿಯುವ ಮುಂಚೆಯೇ ಒಬ್ಬ ಸೈಕಲ್ ಹತ್ತಿದ. ಉಳಿದವರು ದೊಣ್ಣೆ, ಕುಡುಗೋಲು, ಒನಕೆ ಹಿಡಿದು ಹೊರಟರು. ಅರಳೀಮರದ ಹತ್ತಿರ ಬರುವ ಹೊತ್ತಿಗೆ ಶತ್ರುಗಳ ಸಂಖ್ಯೆ ಮೂವತ್ತಕ್ಕೆ ಏರಿತ್ತು.

ಮರದ ಕೆಳಗೆ ಬಾಬಾಜಾನ್ ಒಬ್ಬನೇ ಕೂತಿದ್ದ. ಸುತ್ತ ತಂತಿ, ಕಬ್ಬಿಣದ ಕಡ್ಡಿ, ಕರೀಬಟ್ಟೆ ಹರಡಿಕೊಂಡಿತ್ತು. ಇಡೀ ಊರು ತನ್ನ ಕಡೆಗೆ ಓಡಿಬರುವುದನ್ನು ಕಂಡು ಅವನ ಮುಖ ಅರಳಿತು.

"ಅರೆ ಅಲ್ಲಾ! ಈ ವರ್ಷ ಇಷ್ಟೊಂದು ಛತ್ರಿ ಮುರಿದವಾ?"

ಎತ್ತಿದ ದೊಣ್ಣೆಗಳು ಅಲ್ಲಲ್ಲೇ ನಿಂತವು. ಆಮೇಲೆ ಒಬ್ಬ ನಕ್ಕ, ನಾಲ್ಕು ಜನ ನಕ್ಕರು, ಒನಕೆ ತಂದವಳು ಅಲ್ಲೇ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡಳು. ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಸೈಕಲ್ ಹೊರಟುಹೋಗಿತ್ತು.

"ನಾನು ಬರ್ಲಾ ಹಾಗಾದ್ರೆ?" ಎಂದು ಬಾಬಾಜಾನ್ ಚೀಲ ಕಟ್ಟಿದ.

"ಇರಪ್ಪ," ಎಂದರು ಪಟೇಲರು ಮುಖ ಸಣ್ಣದು ಮಾಡಿಕೊಂಡು. "ಪೊಲೀಸ್ನೋರಿಗೆ ಹಿಡ್ದಿದೀವಿ ಅಂತ ಹೇಳಿಕಳ್ಸಿದೀನಿ. ಅವ್ರು ಬಂದು ನೋಡ್ಕೊಂಡು ಹೋಗ್ಲಿ."

"ನೀವೇ ಬಿಟ್ಬಿಡಿ ಪಟೇಲ್ರೇ. ನೀವೇ ಅಲ್ವಾ ಹಿಡಿದಿದ್ದು?"

"ಹಿಡಿಯೋ ಪವರ್ ಕೊಟ್ಟವ್ರೆ ಕಣಪ್ಪ. ಬಿಡೋ ಪವರ್ ಕೊಟ್ಟಿಲ್ಲ."

ಹೀಗೆ ಬಾಬಾಜಾನ್ ಚಾವಡಿ ಸೇರಿದ. ಬಾಗಿಲಿಗೆ ಬೀಗ ಹಾಕಲಿಲ್ಲ, ನಲ್ಲಪ್ಪ ಮಾತ್ರ ದೊಣ್ಣೆ ಹಿಡಿದು ಹೊಸ್ತಿಲಲ್ಲಿ ಕೂತ. ಪಟೇಲರ ತಾಯಿ ಅಮ್ಮಾಜಮ್ಮ ಮುದ್ದೆ, ಹುರುಳಿಕಾಳಿನ ಸಾರು ಕಳಿಸಿದರು. ಊಟ ಮಾಡಿ ಸುಮ್ಮನೆ ಕೂರಲಾರದೆ ಬಾಬಾಜಾನ್ ಸಿಕ್ಕ ಛತ್ರಿಗಳನ್ನೆಲ್ಲ ರಿಪೇರಿ ಮಾಡಿದ, ನಲ್ಲಪ್ಪನ ಕತ್ತನ್ನು ಎಣ್ಣೆ ಹಾಕಿ ತಿಕ್ಕಿಕೊಟ್ಟ. ಕೈದಿ ಕಾವಲುಗಾರನ ಕತ್ತು ನೀವುವುದನ್ನು ನೋಡಲು ಊರಿನ ಅರ್ಧ ಜನ ಬಂದು ಹೋದರು.

ಮಧ್ಯಾಹ್ನ ಇಳಿಯುವಾಗ ಜೀಪು ಬಂತು. ಸಬ್ ಇನ್ಸ್‌ಪೆಕ್ಟರ್ ಚನ್ನಕೇಶವ ಇನ್ನೂ ಚಿಕ್ಕ ವಯಸ್ಸಿನವರು. ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. ಆ ವಾರ ಅವರಿಗೆ ಸಿಕ್ಕ ಗೂಢಚಾರರಲ್ಲಿ ಒಬ್ಬ ಬುಡುಬುಡಿಕೆಯವನು, ಒಬ್ಬ ಮನೆಮನೆಗೆ ಹೋಗಿ ಜನರ ಲೆಕ್ಕ ಕೇಳಿದ ವಿಮೆ ಏಜೆಂಟು. ಅವರು ಛತ್ರಿಯ ಕಡ್ಡಿಗಳನ್ನು ನೋಡಿದರು, ಬಾಬಾಜಾನನನ್ನು ನೋಡಿದರು, ಪಟೇಲರನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

"ನನಗೆ ಅರ್ಥ ಆಯ್ತು," ಎಂದರು. "ಆದ್ರೆ ಒಬ್ಬ ಸಿಕ್ಕಿದಾನೆ ಅಂತ ಮೇಲಿನೋರಿಗೆ ಫೋನ್ ಹೋಗ್ಬಿಟ್ಟಿದೆ. ಈಗ ಬರಿಗೈಲಿ ಹೋದ್ರೆ, ಯಾರನ್ನ ಕೇಳಿ ಬಿಟ್ಟೆ ಅಂತಾರೆ. ನಡಿಯಪ್ಪ, ಜೀಪ್ ಹತ್ತು."

ಬಾಬಾಜಾನನ ನಗು ಆಗ ಮೊದಲ ಸಲ ಆರಿತು.

"ಎಷ್ಟು ದಿವಸ ಸ್ವಾಮಿ?"

"ಅದು ಹೇಳಕ್ಕಾಗಲ್ಲ. ಭಾರತ ರಕ್ಷಣಾ ಕಾಯ್ದೆ. ಕೋರ್ಟಿಗೆ ಹಾಕ್ಲೇಬೇಕು ಅಂತಿಲ್ಲ, ಇಂಥ ದಿನ ಬಿಡ್ಬೇಕು ಅಂತಾನೂ ಇಲ್ಲ."

"ಕಳ್ಳ ಆದ್ರೆ ಆರು ತಿಂಗಳು ಅಂತಾದ್ರೂ ಹೇಳ್ತಾರೆ. ನಾನು ಏನೂ ಮಾಡಿಲ್ವಲ್ಲ ಸ್ವಾಮಿ, ನಂಗೆ ಲೆಕ್ಕಾನೇ ಇಲ್ವಾ? ಮನೇಲಿ ನನ್ನ ಹೆಂಡ್ತಿ ಬಿಸ್ಮಿಲ್ಲಾ ರೊಟ್ಟಿ ಮಾಡ್ಕೊಂಡು ಕಾಯ್ತಾ ಇರ್ತಾಳೆ. ಸಂಜೆಗೆ ಬರ್ತೀನಿ ಅಂದಿದೀನಿ."

ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ನಕ್ಕವರೆಲ್ಲ ನೆಲ ನೋಡಿದರು. ನನಗೆ ಸಿಟ್ಟು ಬರುವುದು ಇಲ್ಲಿಯೇ. ಅವನು ಯಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಆದರೂ ಒಬ್ಬರ ಗಂಟಲಿನಿಂದಲೂ ಸ್ವರ ಏಳಲಿಲ್ಲ. ಯುದ್ಧದ ಕಾಲ, ನಮಗ್ಯಾಕೆ ಊರ ಉಸಾಬರಿ ಎಂದು ಮೇಷ್ಟ್ರು ಪೇಪರು ಮಡಿಸಿಕೊಂಡು ಮನೆಯ ದಾರಿ ಹಿಡಿದರು.

ಅಮ್ಮಾಜಮ್ಮ ಎಂಬತ್ತರ ಹತ್ತಿರದ ಮುದುಕಿ, ಬಾಯಲ್ಲಿ ಹಲ್ಲಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಚಾವಡಿಯ ಜಗುಲಿಯಲ್ಲಿ ಕೂತಿದ್ದವರು ಗೋಡೆ ಹಿಡಿದು ಎದ್ದು ಬಂದರು.

"ಏನಪ್ಪಾ ಇನ್ಸ್‌ಪೆಟ್ರೇ, ಇವ್ನು ಕಳ್ಳ ಅಲ್ಲ ಅಂತ ನಿಂಗೂ ಗೊತ್ತು. ಆಮ್ಯಾಕೆ ಯಾಕಪ್ಪ ಕರ್ಕೊಂಡು ಹೋಗ್ತೀಯ?"

"ಅಜ್ಜೀ, ನೀವು ಹೇಳೋದು ಸರಿ. ನಾಳೆ ನಿಜವಾದೋನೇ ಒಬ್ಬ ಹೀಗೇ ಚೀಲ ಹಿಡ್ಕೊಂಡು ಬಂದು ಸೇತುವೆಗೆ ಬಾಂಬ್ ಇಟ್ರೆ? ಪೊಲೀಸ್ನೋರು ಏನ್ ಕಾಯ್ತಿದ್ರು ಅಂತ ನೀವೇ ಬೈತೀರಿ."

ಅದೂ ಸುಳ್ಳಲ್ಲ. ಅಮ್ಮಾಜಮ್ಮ ತಲೆದೂಗಿದರು.

"ಹಿಡಿಬ್ಯಾಡ ಅಂದೋರ್ಯಾರು? ಗುಮಾನಿ ಬಂದ್ರೆ ಹಿಡಿ, ಕೂರ್ಸು, ಕೇಳು. ಕೇಳಿ ಆದ್ಮ್ಯಾಕೆ ಬಿಡಕ್ಕೂ ಬರಬೇಕಪ್ಪ. ಹಾಲು ಕಾಯ್ಸಕ್ಕೆ ಬಂದು ಇಳ್ಸಕ್ಕೆ ಬರ್ದಿದ್ರೆ ಅವ್ಳನ್ನ ಒಲೆ ಮುಂದೆ ಕೂರಿಸ್ತಾರಾ?"

ಚನ್ನಕೇಶವ ಟೋಪಿ ತೆಗೆದು ಹಣೆ ಒರೆಸಿಕೊಂಡರು. ಪಟೇಲರ ಕಡೆ ತಿರುಗಿದರು.

"ಒಂದು ದಾರಿ ಇದೆ. ಬಂದ ಸುದ್ದೀನೇ ತಪ್ಪು ಅಂತಾದ್ರೆ ಹಿಡಿದಿದ್ದೂ ಇಲ್ಲ, ಬಿಡೋದೂ ಇಲ್ಲ. ನೀವು ನನ್ಜೊತೆ ಬಂದು ದೊಡ್ಡ ಸಾಹೇಬ್ರ ಮುಂದೆ ನಿಂತು ಹೇಳ್ಬೇಕು: ಛತ್ರಿ ರಿಪೇರಿಯೋನ್ನ ನಾನೇ ಛತ್ರಿ ಸೈನಿಕ ಅಂದ್ಕೊಂಡೆ, ನನ್ನದೇ ತಪ್ಪು ಅಂತ. ಸುತ್ತಮುತ್ತ ಊರಿನ ಸಮಿತಿ ಅಧ್ಯಕ್ಷರೆಲ್ಲ ಇವತ್ತು ಅಲ್ಲೇ ಸೇರಿದಾರೆ, ಮೀಟಿಂಗ್ ಇದೆ."

ಪಟೇಲರ ಮುಖ ಕಪ್ಪಿಟ್ಟಿತು. ನಗುವವರ ಮುಂದೆ ಎಡವಿ ಬಿದ್ದ ಹಾಗೆ ಎನ್ನುತ್ತಾರಲ್ಲ, ಇದು ನಗುವವರನ್ನು ಸಾಲಾಗಿ ಕೂರಿಸಿ, ಅವರ ಮುಂದೆ ಹೋಗಿ ಬೀಳುವ ಕೆಲಸ. ಎರಡು ವರ್ಷದ ಮೇಲೆ ಮತ್ತೆ ಸಿಕ್ಕ ಮರ್ಯಾದೆ ಅದೇ ಸಂಜೆ ಮಣ್ಣುಪಾಲಾಗುತ್ತದೆ. ಇಲ್ಲವೆಂದರೆ ಬಾಬಾಜಾನ್ ಜೀಪು ಹತ್ತುತ್ತಾನೆ, ಊರು ನಾಲ್ಕು ದಿನದಲ್ಲಿ ಮರೆಯುತ್ತದೆ, ಪಟೇಲರನ್ನು ಯಾರೂ ಏನೂ ಕೇಳುವುದಿಲ್ಲ.

ಅವರು ಬಾಬಾಜಾನನ ಮುಖ ನೋಡಿದರು. ಬಾಬಾಜಾನ್ ಬೇಡಿಕೊಳ್ಳಲಿಲ್ಲ, ಕೈ ಮುಗಿಯಲಿಲ್ಲ. ರಿಪೇರಿಯಾದ ಛತ್ರಿಗಳನ್ನು ಯಾರ ಯಾರ ಮನೆಗೆ ಯಾವುದು ಸೇರಬೇಕೆಂದು ನಲ್ಲಪ್ಪನಿಗೆ ತೋರಿಸಿಕೊಡುತ್ತಿದ್ದ. ತಾನು ಮತ್ತೆ ಈ ಕಡೆ ಬರುವುದಿಲ್ಲವೆಂದು ಅವನು ಆಗಲೇ ತೀರ್ಮಾನ ಮಾಡಿಕೊಂಡ ಹಾಗಿತ್ತು.

"ಜೀಪಲ್ಲಿ ಮುಂದ್ಗಡೆ ಸೀಟು ಕೊಡ್ತೀರಾ?" ಎಂದು ಪಟೇಲರು ಇನ್ಸ್‌ಪೆಕ್ಟರನ್ನು ಕೇಳಿದರು.

ಬಾಬಾಜಾನನನ್ನು ಚಾವಡಿಯಲ್ಲೇ ಬಿಟ್ಟು ಜೀಪು ಪಟೇಲರನ್ನು ಹತ್ತಿಸಿಕೊಂಡು ಹೊರಟಿತು. ಮೀಟಿಂಗಿನಲ್ಲಿ ಏನಾಯಿತೆಂದು ಅವರು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಲ್ಲಿ ಎದ್ದ ನಗುವಿನಿಂದ ಹುಟ್ಟಿದ ಛತ್ರಿ ಪಟೇಲ ಎಂಬ ಹೆಸರು ಆ ವಾರದೊಳಗೆ ಹೊಸ ಮದುಮಗನ ಹಾಗೆ ಊರೂರು ಸುತ್ತಿ ಬಂತು. ಅವತ್ತು ಸಂಜೆಯ ಬೆಳಕಿರುವಾಗಲೇ ಜೀಪು ಅವರನ್ನು ವಾಪಸು ಬಿಟ್ಟುಹೋಯಿತು. ಅವರು ಸೀದಾ ಚಾವಡಿಗೆ ಬಂದು, "ಎದ್ದೇಳಪ್ಪ ಬಾಬಾಜಾನ್, ಆಯ್ತು. ಇನ್ನು ನೀನು ಹೋಗಬೌದು," ಎಂದರು.

ನಮ್ಮೂರಿನ ಬಸ್ಸು ಹೊರಟುಹೋಗಿತ್ತು. ಕೊನೆಯ ಬಸ್ಸು ಹಿಡಿಯಲು ಪಕ್ಕದೂರಿನ ಮೇಲೆ ಹಾದು ಕೆಂಚಾರ್ಲಹಳ್ಳಿಗೆ ನಡೆದುಹೋಗಬೇಕಿತ್ತು. ಬಾಬಾಜಾನ್ ಚೀಲ ಹೊತ್ತು ನಾಲ್ಕು ಹೆಜ್ಜೆ ಹಾಕಿದವನು ನಿಂತ.

"ಪಟೇಲ್ರೇ, ಒಂದು ಉಪಕಾರ ಆಗ್ಬೇಕು. ಮುಂದಿನೂರಿನ ಗಂಟ ಜೊತೇಲಿ ಬರ್ತೀರಾ?"

"ಯಾಕಪ್ಪ? ವರ್ಷಾ ವರ್ಷಾ ಓಡಾಡೋ ದಾರಿ ಅಲ್ವಾ?"

"ದಾರಿ ನಂಗೆ ಗೊತ್ತು ಸ್ವಾಮಿ. ಸುದ್ದಿ ನನಗಿಂತ ಮುಂಚೆ ಹೋಗಿರ್ತದಲ್ಲ. ಛತ್ರಿಯೋನು ಸಿಕ್ಕಿದಾನೆ ಅಂತ ಹೋಗಿರ್ತದೆ, ಬಿಟ್ರು ಅಂತ ಹೋಗಿರಲ್ಲ."

ಪಟೇಲರು ಹೊರಟರು. ಬಾಬಾಜಾನ್ ಹೇಳಿದ್ದು ನಿಜವಾಗಿತ್ತು. ಪಕ್ಕದೂರಿನ ಬಾಗಿಲಲ್ಲೇ ಏಳೆಂಟು ಜನ ದೊಣ್ಣೆ ಹಿಡಿದು ನಿಂತಿದ್ದರು. ಅವರ ಹಿಂದೆ ಒಂದೊಂದೇ ಮನೆಯ ಬಾಗಿಲು ಹಾಕಿಕೊಳ್ಳುತ್ತಿತ್ತು. ಬಾಬಾಜಾನ್ ಬಾಯಿ ತೆರೆಯಲಿಲ್ಲ. ತೆರೆದು ಏನೆಂದು ಕೂಗುವುದು? ಇಷ್ಟು ವರ್ಷ ಅವನಿಗೆ ಅನ್ನ ಕೊಟ್ಟ ಒಂದೇ ಒಂದು ಮಾತಿಗೆ ಈಗ ದೊಣ್ಣೆ ಮೇಲೇಳುತ್ತಿತ್ತು.

ಆಗ ವೆಂಕಟರವಣಪ್ಪನವರು, ನಾಲ್ಕು ತಲೆಮಾರಿನ ಪಟೇಲಿಕೆಯ ಮನೆಯವರು, ಅವನ ಹೆಗಲಿನಿಂದ ಚೀಲ ಕಿತ್ತು ತಮ್ಮ ಹೆಗಲಿಗೆ ಹಾಕಿಕೊಂಡರು. ಗಂಟಲು ಸರಿಮಾಡಿಕೊಂಡು ಕೂಗಿದರು.

"ಛತ್ರಿ ರಿಪೇರೀ! ಹಳೇ ಛತ್ರಿ, ಮುರ್ದಿರೋ ಛತ್ರಿ ರಿಪೇರೀ!"

ಒಬ್ಬ ಕಿಸಕ್ಕನೆ ನಕ್ಕ. ದೊಣ್ಣೆಗಳು ಕೆಳಗಿಳಿದವು. ಒಂದು ಬಾಗಿಲು ಸ್ವಲ್ಪ ತೆರೆಯಿತು. ಬಾಬಾಜಾನ್ ಮಾತ್ರ ನಗಲಿಲ್ಲ.

"ಇಲ್ಲಿ ನೀವಿದೀರಿ ಪಟೇಲ್ರೇ," ಎಂದ ಮೆಲ್ಲಗೆ. "ಇದ್ರಾಚೆ ಊರಲ್ಲಿ?"

ಪಟೇಲರು ಮತ್ತೊಂದು ಸಲ ಕೂಗಿದರು, ಅದರಾಚೆಯ ಊರಿಗೂ ಕೇಳಿಸಲಿ ಎನ್ನುವ ಹಾಗೆ.