ಗುಡ್ಡದ ಮುದುಕಿಯ ಧ್ವನಿ

ಡಿಗ್ರಿ ಓದಲು ಮಾನ್ವಿಯಿಂದ ರಾಯಚೂರಿಗೆ ಬಂದ ವೇದಶ್ರೀ ಸ್ಟೇಷನ್ ರೋಡಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಳು. ಅದೇ ಕೋಣೆಯ ಇನ್ನೊಂದು ಮಂಚ ಗಬ್ಬೂರಿನ ಕಲ್ಯಾಣಿಯದು. ಆಕೆ ನರ್ಸಿಂಗ್ ಓದುತ್ತಿದ್ದಳು. ಅವಳ ಮಂಚದ ಮೇಲಿನ ಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬಿಡಿಸಿದ, ಕತ್ತಿ ಹಿಡಿದ ದೊಡ್ಡ ಕಣ್ಣಿನ ಹುಡುಗಿ.

"ಇದು ನೀ ಬಿಡಿಸಿದ್ದಾ?" ವೇದಶ್ರೀ ಕೇಳಿದಳು.

"ಹೂಂ, ಮಾಂಗಾ ನೋಡಿ. ಜಪಾನಿನವರ ಚಿತ್ರಕಥಿ."

"ಮಾಂಗಾ ಅಂದ್ರೇನಂತ ನನಗ ಹೇಳಿಕೊಡ್ತೀ ಏನು? ನಾನೂ ಪಿಯುಸಿಯಿಂದ ಅದನ್ನ ಓದಲಿಕ್ಕತ್ತೀನಿ."

ಅಷ್ಟು ಸಾಕಾಯಿತು. ವೇದಶ್ರೀಗೆ ಅಮೆರಿಕದ ಕಾಮಿಕ್ಸಿನ ಹುಚ್ಚೂ ಇತ್ತು. ಕಲ್ಯಾಣಿಗೆ ಅದು ಹಿಡಿಸುತ್ತಿರಲಿಲ್ಲ. "ನಿಮ್ಮ ಹೀರೋಗಳು ಬರೇ ಹೊಡದಾಡ್ತಾರ, ಉಣ್ಣಂಗೇ ಇಲ್ಲ. ಮಾಂಗಾದಾಗ ನೋಡು, ಹೊಡದಾಟ ಬಿಟ್ಟು ಕುಂತು ಉಣ್ತಾರ. ಅದಕ್ಕ ನನಗ ಸೇರ್ತದ," ಎನ್ನುತ್ತಿದ್ದಳು. ಊಟದ ತಟ್ಟೆ ಹಿಡಿದು ವಾದ ಮಾಡುತ್ತ, ಒಂದೇ ಮೊಬೈಲಿನಲ್ಲಿ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿ, ನೋಡುತ್ತ ಇಬ್ಬರೂ ಗೆಳತಿಯರಾದರು.

ಎರಡನೆಯ ವರ್ಷ ಕಲ್ಯಾಣಿಯ ತಾಯಿ ಗೋಪಮ್ಮ ಕಣ್ಣಿನ ಆಪರೇಷನ್ನಿಗೆ ರಾಯಚೂರಿಗೆ ಬಂದಳು. ಹತ್ತಿ ಬಿಡಿಸುವ ಕೂಲಿ ಹೆಂಗಸು, ಸುಮ್ಮನೆ ಕುಳಿತು ಗೊತ್ತಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೋಣೆಯಲ್ಲಿ ಚಡಪಡಿಸುತ್ತಿದ್ದ ತಾಯಿಗೆ ಬೇಸರ ಕಳೆಯಲೆಂದು ಕಲ್ಯಾಣಿ ತಾನು ನೋಡುತ್ತಿದ್ದ ಅನಿಮೆಯನ್ನು ಕಥೆ ಮಾಡಿ ಹೇಳತೊಡಗಿದಳು. ಮಂಜು ಬೀಳುವ ಗುಡ್ಡದ ಮೇಲೆ ಛತ್ರ ನಡೆಸುವ ಒಬ್ಬ ಮುದುಕಿ, ದಾರಿ ತಪ್ಪಿದ ದೆವ್ವಗಳಿಗೆ ಉಣ್ಣಲು ಇಟ್ಟು ಕಳಿಸುವವಳು. ಅವಳ ಮೊಮ್ಮಗಳು ಅದೇ ದೆವ್ವಗಳನ್ನು ಕತ್ತಿ ಹಿಡಿದು ಓಡಿಸುವವಳು. ಹೇಳುತ್ತ ಹೇಳುತ್ತ ಕಲ್ಯಾಣಿ ತಾನೇ ಮುದುಕಿಯಾಗಿಬಿಟ್ಟಳು.

"ಬಾರವ್ವ, ಸತ್ತರೇನಾತು, ಹಸಿವು ಸಾಯ್ತದೇನು? ಕೈ ತೊಳಕೊಂಡು ಕುಂದರು."

ಗೋಪಮ್ಮ ನಕ್ಕಳು, ಆಮೇಲೆ ಬಿಕ್ಕಿದಳು. "ಅಳಬ್ಯಾಡ ಬೇ, ಡಾಕ್ಟರ್ ಬೈತಾರ," ಎಂದು ಮಗಳು ಕಥೆ ನಿಲ್ಲಿಸಬೇಕಾಯಿತು. ಮಂಚದ ಮೇಲೆ ಕುಳಿತು ಕೇಳುತ್ತಿದ್ದ ವೇದಶ್ರೀ ಮೊಬೈಲ್ ಎತ್ತಿಕೊಂಡಳು.

"ಇದನ್ನ ರೆಕಾರ್ಡ್ ಮಾಡೋಣ. ನೀ ಮುದುಕಿ, ನಾ ಮೊಮ್ಮಗಳು," ಎಂದಳು.

ಬೀದಿಯ ಸದ್ದು ಕೇಳಬಾರದೆಂದು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ತಲೆಯ ಮೇಲೆ ಕೌದಿ ಹೊದ್ದು ರಾಯಚೂರಿನ ಬೇಸಿಗೆಯಲ್ಲಿ ಬೆವರು ಸುರಿಸುತ್ತ ಇಬ್ಬರೂ ಒಂದೊಂದೇ ಕಂತಿಗೆ ಕನ್ನಡದ ಮಾತು ಕೂಡಿಸಿದರು. ಜೋಡಿಸಿ ತಮ್ಮದೇ ಆನ್‌ಲೈನ್ ಚಾನೆಲ್ಲಿಗೆ ಹಾಕುವ ಕೆಲಸ ವೇದಶ್ರೀಯದು. ನೋಡುವವರು ನಿಧಾನವಾಗಿ ಹೆಚ್ಚಿದರು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ ಮಾಡುವ ಹನುಮಂತ್ರಾಯ ಎಂಬುವನು, "ಡ್ಯೂಟಿ ಮುಗಿಸಿ ಬಂದು ನಿಮ್ಮ ಮುದುಕಿ ಮಾತು ಕೇಳ್ಕೋತ ಉಣ್ತೀನಿ. ನಮ್ಮವ್ವ ಎದುರಿಗೆ ಕುಂತಂಗ ಆಗ್ತದ," ಎಂದು ಬರೆದಿದ್ದ. ಕಲ್ಯಾಣಿ ಅದನ್ನು ಎಷ್ಟೋ ಸಲ ಓದಿಸಿಕೊಂಡಳು.

ಕೊನೆಯ ವರ್ಷ ಹೈದರಾಬಾದಿನ ಒಂದು ಡಬ್ಬಿಂಗ್ ಕಂಪನಿಯಿಂದ ಫೋನ್ ಬಂತು. ಚಾನೆಲ್ಲಿನಲ್ಲಿದ್ದದ್ದು ವೇದಶ್ರೀಯ ನಂಬರು. ಕಲ್ಯಾಣಿ ಊರಿಗೆ ಹೋಗಿದ್ದಳು.

"ಈ ಸರಣಿಯ ಕನ್ನಡ ಹಕ್ಕು ನಮಗೆ ಸಿಕ್ಕಿದೆ," ಆ ಕಡೆಯ ಹೆಂಗಸು ಹೇಳಿದಳು. "ಮೊಮ್ಮಗಳ ಧ್ವನಿ ಚೆನ್ನಾಗಿದೆ. ಮುದುಕಿಯದು ಮಾತ್ರ ಎಲ್ಲರಿಗೂ ಹಿಡಿಸುವಂಥ ಶುದ್ಧ ಕನ್ನಡದಲ್ಲಿ ಬೇಕು. ಎರಡನ್ನೂ ನೀವೇ ಮಾಡಿ ಕಳಿಸ್ತೀರಾ? ಮತ್ತೆ, ನೀವು ಹಾಕಿದ್ದನ್ನೆಲ್ಲ ತೆಗೆಯಬೇಕಾಗುತ್ತೆ."

ಮುದುಕಿಯೇ ಈ ಕಥೆಯ ಜೀವ ಎಂದು ವೇದಶ್ರೀ ಹೇಳಬಹುದಿತ್ತು. ಗೆಳತಿಯನ್ನು ಕೇಳಿ ಹೇಳುತ್ತೇನೆ ಎಂದಾದರೂ ಅನ್ನಬಹುದಿತ್ತು.

"ಆಯ್ತು," ಎಂದಳು.

ತಂದೆ ಪ್ರಾಣೇಶಾಚಾರ್ಯರು ಕನ್ನಡ ಮಾಸ್ತರರು. ಚಿಕ್ಕಂದಿನಿಂದ ತಿದ್ದಿಸಿಕೊಂಡ ಉಚ್ಚಾರ ಅವಳದು, ಶುದ್ಧ ಕನ್ನಡ ಕಷ್ಟವಾಗಲಿಲ್ಲ. ಮೊದಲು ತಾನು ಒಳಗೆ ಕಾಲಿಟ್ಟು ಆಮೇಲೆ ಕಲ್ಯಾಣಿಯನ್ನು ಕರೆಸಿಕೊಂಡರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಒಬ್ಬಳೇ ಕೌದಿ ಹೊದ್ದು ಎರಡೂ ಪಾತ್ರ ಮಾಡಿ ಕಳಿಸಿದಳು. ಚಾನೆಲ್ಲನ್ನೂ ಹಳೆಯ ರೆಕಾರ್ಡಿಂಗುಗಳನ್ನೂ ಅಳಿಸಿದಳು.

ಊರಿಂದ ಬಂದ ಕಲ್ಯಾಣಿಗೆ ಅರ್ಧವನ್ನಷ್ಟೇ ಹೇಳಿದಳು. "ಹಕ್ಕಿದ್ದವರು ತೆಗೆಸಿಬಿಟ್ಟರು."

"ಹೋಗ್ಲಿ ಬಿಡು," ಕಲ್ಯಾಣಿ ಅವಳ ಹೆಗಲ ಮೇಲೆ ಕೈ ಇಟ್ಟಳು. "ಮಂದಿ ಮಾಲು, ಎಷ್ಟು ದಿನ ಅಂತ ಬಿಡ್ತಾರ? ನೀ ಮಾರಿ ಸಣ್ಣದು ಮಾಡಬ್ಯಾಡ."

ಪರೀಕ್ಷೆ ಮುಗಿದ ಮೇಲೆ ವೇದಶ್ರೀ ಯಾವುದೋ ಆಫೀಸಿನ ಕೆಲಸವೆಂದು ಹೇಳಿ ಹೈದರಾಬಾದಿಗೆ ಹೋದಳು. ಸರಣಿ ಕನ್ನಡದಲ್ಲಿ ಬಿಡುಗಡೆಯಾದ ವಾರ ಕಲ್ಯಾಣಿಯ ಫೋನ್ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಮ್ಮವ್ವಗ ಹಚ್ಚಿ ತೋರಿಸಿದೆ. 'ಈ ಮುದುಕಿ ಯಾವೂರಾಕಿ? ಉಣ್ಣಾಕ ಕರದಂಗಿಲ್ಲ, ಪಾಠ ಹೇಳಿದಂಗ ಅದ' ಅಂದ್ಲು. ಅದು ನೀನೇ ಅಂತ ನಾ ಹೇಳಲಿಲ್ಲ."

ಅಷ್ಟು ಹೇಳಿ ಕಲ್ಯಾಣಿಯೇ ಕೇಳಿದಳು.

"ನನ್ನ ಮಾತು ಬ್ಯಾಡ ಅಂದ್ರೇನು ಅವರು?"

"ಹೌದು."

"ಅದಕ್ಕ ನೀ ಏನಂದಿ?"

"ಆಯ್ತು ಅಂದೆ."

"ಅವರು ಬ್ಯಾಡ ಅಂದದ್ದಕ್ಕ ನನಗೇನಿಲ್ಲ ವೇದಾ. ಅವರ್ಯಾರೋ, ನಾ ಯಾರೋ. ನೀ ನನಗೊಂದು ಮಾತು ಹೇಳಬೇಕಿತ್ತು," ಎಂದು ಕಲ್ಯಾಣಿ ಫೋನ್ ಇಟ್ಟಳು. ಆಮೇಲೆ ಎತ್ತಲಿಲ್ಲ.

ಕೆಲವು ವರ್ಷ ಕಳೆದವು. ವೇದಶ್ರೀಗೆ ಸಣ್ಣಪುಟ್ಟ ಪಾತ್ರಗಳು ಸಿಗುತ್ತಿದ್ದವು. ಒಂದು ದಿನ ಅದೇ ಹೆಂಗಸು, "ಈಗ ಜನ ಊರ ಕಡೆಯ ಮಾತು ಕೇಳ್ತಿದಾರೆ. ನಿಮ್ಮ ಹಳೆಯ ಮುದುಕಿ ಇದ್ದರಲ್ಲ, ಅವರ ಸ್ಯಾಂಪಲ್ ಇದೆಯಾ?" ಎಂದು ಕೇಳಿದಳು. ವೇದಶ್ರೀ ಲ್ಯಾಪ್‌ಟಾಪಿನಲ್ಲಿ, ಹಳೆಯ ಫೋನಿನಲ್ಲಿ, ಪೆನ್‌ಡ್ರೈವುಗಳಲ್ಲಿ ಹುಡುಕಿದಳು. ಕಲ್ಯಾಣಿಯ ಒಂದು ವಾಕ್ಯವೂ ಉಳಿದಿರಲಿಲ್ಲ. ಎಲ್ಲವನ್ನೂ ತಾನೇ ಅಳಿಸಿದ್ದಳು.

ರಜೆಯಲ್ಲಿ ಊರಿಗೆ ಬಂದವಳು ಮಾನ್ವಿಯಿಂದ ಬಸ್ಸು ಹತ್ತಿ ದೇವದುರ್ಗಕ್ಕೆ ಹೋದಳು. ಕಲ್ಯಾಣಿ ಅಲ್ಲಿ ಸ್ಟಾಫ್ ನರ್ಸ್. ಬಿಳಿ ಕೋಟು ಹಾಕಿಕೊಂಡು ಹೊರಬಂದವಳು ಗುರುತು ಹಿಡಿದು ನಿಂತಳು. ಆಸ್ಪತ್ರೆ ಎದುರಿನ ಹೋಟೆಲಿಗೆ ಕರೆದೊಯ್ದು ಛಾ ಹೇಳಿದಳು. ವೇದಶ್ರೀ ಬಂದ ಕಾರಣ ಹೇಳಿದಳು, ತಪ್ಪಾಯಿತೆಂದೂ ಹೇಳಿದಳು.

"ಗೊತ್ತದ," ಎಂದಳು ಕಲ್ಯಾಣಿ. "ಆದ್ರ ನಾ ಈಗ ಅನಿಮೆ ನೋಡಂಗಿಲ್ಲ. ಯಾವ ಮುದುಕಿ ಬಾಯಿ ತೆರದ್ರೂ ನಿನ್ನ ದನಿನೇ ಕೇಳಿದಂಗಾಗ್ತದ."

"ಮಾಂಗಾ? ಚಿತ್ರ ಬಿಡಸೂದು?"

"ಅದೂ ಬಿಟ್ಟೀನಿ. ಟೈಮೂ ಸಿಗಂಗಿಲ್ಲ." ಛಾ ಕುಡಿದಿಟ್ಟು ಗಡಿಯಾರ ನೋಡಿಕೊಂಡಳು. "ವಾರ್ಡಿಗೆ ಹೋಗ್ಬೇಕು. ಬಿಸಲಾಗ ನಿಲ್ಲಬ್ಯಾಡ, ಬಸ್ಸು ಸ್ಟ್ಯಾಂಡಿನ ಒಳಗ ಬರ್ತದ."

ಮಾನ್ವಿಯ ಮನೆ ಮುಟ್ಟಿದಾಗ ತಂದೆ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು.

"ಎಲ್ಲಿ ಹೋಗಿದ್ದಿ?"

"ದೇವದುರ್ಗಕ್ಕ. ರಾಯಚೂರಾಗ ನನ್ನ ಜೋಡಿ ಇದ್ದಳಲ್ಲ, ಕಲ್ಯಾಣಿ. ಅಕಿನ್ನ ನೋಡಲಿಕ್ಕೆ."

"ಅಕಿನ್ನ ನಾವು ಯಾರೂ ನೋಡೇ ಇಲ್ಲ. ಒಮ್ಮೆ ಮನಿಗೆ ಕರಕೊಂಡು ಬರಬೇಕಿತ್ತು," ಎಂದು ಅವರು ಪೇಪರಿನ ಹಾಳೆ ತಿರುಗಿಸಿದರು.

ಒಂದೇ ಕೋಣೆಯಲ್ಲಿದ್ದ ಅಷ್ಟೂ ವರ್ಷ, ಬಸ್ಸಿನಲ್ಲಿ ಇಷ್ಟೇ ದೂರದ ಈ ಮನೆಗೆ ಕಲ್ಯಾಣಿಯನ್ನು ತಾನು ಒಮ್ಮೆಯೂ ಕರೆದಿರಲಿಲ್ಲ. ಯಾಕೆಂದು ವೇದಶ್ರೀಗೆ ಗೊತ್ತಿತ್ತು. ಕಲ್ಯಾಣಿಯ ಜಾತಿ ಕೇಳಿ ತಂದೆ ಬೇಡವೆನ್ನುತ್ತಾರೆ ಎಂದು ತಾನೇ ಎಣಿಸಿ, ಕೇಳುವುದನ್ನೇ ಬಿಟ್ಟಿದ್ದಳು. ಚಪ್ಪಲಿ ಕಳಚಿ, ಕಾಲು ತೊಳೆಯಲು ಒಳಗೆ ಹೋದಳು.